ಪುಸ್ತಕ, ವಿಡಿಯೊ, ಆ್ಯಪ್: ಕಲಬುರಗಿ ಭಾಗದ ಪದವಿ ವಿದ್ಯಾರ್ಥಿಗಳಿಗೆ ಕಲಿಕಾ ಸಾಧನಗಳ ಹೋಲಿಕೆ

ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದಲ್ಲಿ ಓದುವವರಿರಲಿ, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬರುವವರಿರಲಿ, ಬೀದರಿನ ಪಶುವೈದ್ಯಕೀಯ ವಿದ್ಯಾರ್ಥಿಗಳಿರಲಿ, ಇಂದು ಒಂದೇ ಪಾಠವನ್ನು ನಾಲ್ಕಾರು ದಾರಿಗಳಲ್ಲಿ ಕಲಿಯಬಲ್ಲರು. ಅಧ್ಯಾಪಕರ ನೋಟ್ಸಿನ ಝೆರಾಕ್ಸ್ ಪ್ರತಿ, ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಪಿಡಿಎಫ್, ಯೂಟ್ಯೂಬಿನ ಉಪನ್ಯಾಸ, ಕೇಂದ್ರ ಸರ್ಕಾರದ ಆನ್‌ಲೈನ್ ವೇದಿಕೆ ‘ಸ್ವಯಂ’ನ ಕೋರ್ಸು, ಚಾಟ್‌ಜಿಪಿಟಿ ಎಲ್ಲವೂ ಒಂದೇ ಮೊಬೈಲಿನ ಸುತ್ತ ಸಿಗುತ್ತವೆ. ಯಾವುದನ್ನು ಆಯ್ದುಕೊಳ್ಳಬೇಕು ಎಂದು ಕೇಳಿದರೆ ಬಹಳ ವಿದ್ಯಾರ್ಥಿಗಳು ತಮ್ಮ ಕಲಿಕೆಯ ಶೈಲಿಯನ್ನು ಮುಂದಿಡುತ್ತಾರೆ: ‘ನಾನು ನೋಡಿ ಕಲಿಯುವವಳು’, ‘ನನಗೆ ಕೇಳಿದರಷ್ಟೇ ತಲೆಗೆ ಹೋಗುತ್ತದೆ’, ‘ಓದುವುದು ನನ್ನಿಂದಾಗದು’. ಈ ಉತ್ತರದ ಮೇಲೆ ಸಾಧನವನ್ನು ಆಯ್ದುಕೊಳ್ಳುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕಲಿಯಬೇಕಾದ ವಿಷಯ ಎಂಥದು, ಕಲಿಕೆ ಯಾವ ಹಂತದಲ್ಲಿದೆ, ಪಾಠ ಯಾವ ಭಾಷೆಯಲ್ಲಿದೆ ಎಂಬ ಮೂರು ಪ್ರಶ್ನೆಗಳು ಆಯ್ಕೆಯನ್ನು ನಿರ್ಧರಿಸಬೇಕು.

ಶೈಲಿಯ ಮಾತಿಗೆ ಇರುವ ಆಧಾರವೆಷ್ಟು

ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ 1992ರಲ್ಲಿ ಸಹಲೇಖಕಿಯೊಂದಿಗೆ ಪ್ರಕಟಿಸಿದ ‘ವಾರ್ಕ್’ ಮಾದರಿಯು ಕಲಿಯುವವರನ್ನು ನೋಡುವ, ಕೇಳುವ, ಓದಿ ಬರೆಯುವ, ಮಾಡಿ ತಿಳಿಯುವ ಎಂಬ ನಾಲ್ಕು ಒಲವುಗಳಲ್ಲಿ ಗುರುತಿಸುತ್ತದೆ. ಡೇವಿಡ್ ಕೋಲ್ಬ್ ಅವರು ಅನುಭವದಿಂದ ಕಲಿಯುವ ಆವರ್ತವೊಂದನ್ನು ಹೇಳಿದರು. ಇಂಜಿನಿಯರಿಂಗ್ ಬೋಧನೆಯನ್ನು ಮುಂದಿಟ್ಟುಕೊಂಡು ಫೆಲ್ಡರ್ ಮತ್ತು ಸಿಲ್ವರ್‌ಮನ್ 1988ರಲ್ಲಿ ಇನ್ನೊಂದು ವರ್ಗೀಕರಣವನ್ನು ಕೊಟ್ಟರು. ಇಂಥ ಮಾದರಿಗಳು ಎಷ್ಟು ಬೆಳೆದವೆಂದರೆ, ಬ್ರಿಟನ್ನಿನಲ್ಲಿ ಕಾಫೀಲ್ಡ್ ಮತ್ತು ಸಂಗಡಿಗರು 2004ರಲ್ಲಿ ಪರಿಶೀಲಿಸಲು ಹೊರಟಾಗ ಅವರಿಗೆ 71 ಮಾದರಿಗಳು ಸಿಕ್ಕಿದವು. 2008ರಲ್ಲಿ ಪ್ಯಾಶ್ಲರ್ ಮತ್ತು ಮೂವರು ಮನೋವಿಜ್ಞಾನಿಗಳು ಮೂಲಭೂತವಾದ ಪ್ರಶ್ನೆಯನ್ನೆತ್ತಿದರು: ‘ನೋಡುವ’ ವಿದ್ಯಾರ್ಥಿಗೆ ಚಿತ್ರದಿಂದಲೂ ‘ಕೇಳುವ’ ವಿದ್ಯಾರ್ಥಿಗೆ ಮಾತಿನಿಂದಲೂ ಪಾಠ ಹೇಳಿದಾಗ, ಅದಲುಬದಲು ಮಾಡಿ ಹೇಳಿದ್ದಕ್ಕಿಂತ ಇಬ್ಬರೂ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆಯುತ್ತಾರೆಯೇ? ಹಾಗೆ ಆಗುತ್ತದೆ ಎಂದು ನಂಬಲು ಬೇಕಾದಷ್ಟು ಸಾಕ್ಷ್ಯ ಅವರಿಗೆ ದೊರೆಯಲಿಲ್ಲ.

ಒಲವು ಸುಳ್ಳು ಎಂದು ಇದರ ಅರ್ಥವಲ್ಲ. ಒಬ್ಬರಿಗೆ ವಿಡಿಯೊ ಇಷ್ಟ, ಇನ್ನೊಬ್ಬರಿಗೆ ಪುಸ್ತಕ ಇಷ್ಟ ಎಂಬುದು ನಿಜವೇ. ಆದರೆ ಇಷ್ಟವಾದ ದಾರಿಯೇ ಹೆಚ್ಚು ಕಲಿಸುವ ದಾರಿ ಎಂಬುದಕ್ಕೆ ಆಧಾರವಿಲ್ಲ. ನಮ್ಮ ಭಾಗದಲ್ಲಿ ಇದನ್ನು ಒತ್ತಿ ಹೇಳಬೇಕಾದ ಕಾರಣವಿದೆ. ಮನೆಯಲ್ಲಿ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದ ವಿದ್ಯಾರ್ಥಿ, ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಪಠ್ಯದ ಮುಂದೆ ಕುಳಿತು ತಡವರಿಸಿದಾಗ, ‘ನಾನು ಓದಿ ಕಲಿಯುವವನಲ್ಲ’ ಎಂಬ ಮಾತು ಅವನಿಗೆ ಸಮಾಧಾನ ಕೊಡುತ್ತದೆ. ಆ ಸಮಾಧಾನವೇ ಅವನನ್ನು ಓದಿನಿಂದ ದೂರ ಮಾಡುತ್ತದೆ. ತೊಡಕು ಇರುವುದು ಭಾಷೆಯಲ್ಲಿ, ಸ್ವಭಾವದಲ್ಲಿ ಅಲ್ಲ. ಭಾಷೆಯ ತೊಡಕಿಗೆ ಪರಿಹಾರವುಂಟು.

ವಿದ್ಯಾರ್ಥಿಯಿಂದ ವಿದ್ಯಾರ್ಥಿಗೆ ನಿಜವಾಗಿ ಬದಲಾಗುವ, ಸಾಧನದ ಆಯ್ಕೆಯನ್ನೂ ಬದಲಿಸಬೇಕಾದ ಒಂದು ಸಂಗತಿಯಿದೆ. ಅದು ಆ ವಿಷಯದಲ್ಲಿ ಮೊದಲೇ ಇರುವ ತಿಳಿವಳಿಕೆ. ಹೊಸಬರಿಗೆ ಹೆಜ್ಜೆಹೆಜ್ಜೆಯಾಗಿ ಬಿಡಿಸಿ ತೋರಿಸಿದ ಲೆಕ್ಕಗಳು ಬಹಳ ನೆರವಾಗುತ್ತವೆ. ವಿಷಯ ಕೈಗೆ ಬಂದವರಿಗೆ ಅದೇ ವಿವರಣೆ ಹೊರೆಯಾಗಿ, ತಾವೇ ಬಿಡಿಸುವ ಲೆಕ್ಕಗಳು ಹೆಚ್ಚು ಕಲಿಸುತ್ತವೆ. ಆದ್ದರಿಂದ ಒಬ್ಬಳೇ ವಿದ್ಯಾರ್ಥಿನಿಗೆ ಮೊದಲ ಸೆಮಿಸ್ಟರಿನ ಸಂಖ್ಯಾಶಾಸ್ತ್ರಕ್ಕೆ ಒಂದು ಸಾಧನ, ಐದನೆಯ ಸೆಮಿಸ್ಟರಿನಲ್ಲಿ ಮತ್ತೊಂದು ಸಾಧನ ಸರಿಯೆನಿಸಬಹುದು.

ವಿಷಯವೇ ದಾರಿ ತೋರಿಸುತ್ತದೆ

ಭೂವಿಜ್ಞಾನದ ವಿದ್ಯಾರ್ಥಿಯನ್ನು ನೋಡಿ. ಬೀದರಿನ ಜಂಬಿಟ್ಟಿಗೆ, ದಖ್ಖನ್ನಿನ ಕರಿ ಬಸಾಲ್ಟ್, ಶಹಾಬಾದಿನ ಸುಣ್ಣಕಲ್ಲು ಇವು ಮೂರೂ ಕಲಬುರಗಿಯಿಂದ ಒಂದು ದಿನದ ಪ್ರಯಾಣದೊಳಗೆ ಸಿಗುತ್ತವೆ. ಸುಣ್ಣಕಲ್ಲಿನ ಮೇಲೆ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದಾಗ ನೊರೆ ಬರುವುದನ್ನು ವಿಡಿಯೊದಲ್ಲಿ ನೋಡಬಹುದು. ಆದರೆ ಗುರುತು ಹಾಕದ ಮಾದರಿಯೊಂದನ್ನು ಕೈಗೆ ಕೊಟ್ಟಾಗ ಅದರ ತೂಕ, ಕಣಗಳ ಗಾತ್ರ, ಒಡೆದ ಮೇಲ್ಮೈ ನೋಡಿ ಹೆಸರು ಹೇಳುವ ಸಾಮರ್ಥ್ಯ ಕಲ್ಲನ್ನು ಮುಟ್ಟದೆ ಬರುವುದಿಲ್ಲ. ‘ಓದಿ ಕಲಿಯುವ’ ವಿದ್ಯಾರ್ಥಿಯೂ ಇಲ್ಲಿ ಕಲ್ಲನ್ನು ಹಿಡಿಯಲೇಬೇಕು. ಪಶುವೈದ್ಯಕೀಯದಲ್ಲಿ ಮೂಳೆಗಳ ಪಾಠವೂ ಹೀಗೆಯೇ. ಮೊಬೈಲಿನ ಮೂರು ಆಯಾಮದ ಚಿತ್ರ ಪ್ರಯೋಗಾಲಯಕ್ಕೆ ಮುಂಚಿನ ತಯಾರಿಗೆ ಒಳ್ಳೆಯದು, ಪ್ರಯೋಗಾಲಯದ ಬದಲಿಗೆ ಅಲ್ಲ.

ಕನ್ನಡ ಎಂ.ಎ. ವಿದ್ಯಾರ್ಥಿಗೆ ಕಂದಪದ್ಯದ ನಡೆ ಕಿವಿಯಿಂದ ಬರಬೇಕು. ಬಲ್ಲವರು ಓದಿದ ಧ್ವನಿಮುದ್ರಣವನ್ನು ಕೇಳಿ, ಬಳಿಕ ಪೆನ್ಸಿಲಿನಲ್ಲಿ ಲಘು ಗುರು ಹಾಕಿ ನಾಲ್ಕು ಮಾತ್ರೆಯ ಗಣಗಳನ್ನು ವಿಂಗಡಿಸಿದರೆ ಛಂದಸ್ಸು ಮನಸ್ಸಿನಲ್ಲಿ ನಿಲ್ಲುತ್ತದೆ. ಅದೇ ವಿದ್ಯಾರ್ಥಿ ಕಾವ್ಯಮೀಮಾಂಸೆಯ ವಾದವೊಂದನ್ನು ತಿಳಿಯಬೇಕಾದಾಗ ಕಿವಿ ಸಾಲದು. ಹಿಂದೆ ಮುಂದೆ ಹೋಗಿ, ತಡೆದು, ಒಂದೇ ವಾಕ್ಯವನ್ನು ಎರಡು ಬಾರಿ ಓದಬೇಕಾಗುತ್ತದೆ. ಬಿ.ಕಾಂ. ವಿದ್ಯಾರ್ಥಿಗೆ ಖಾತೆಗಳ ಪಾಠವೆಂದರೆ ಹಾಳೆಯ ಮೇಲೆ ಕೂಡಿ ಕಳೆದು ಎರಡೂ ಬದಿ ಸರಿದೂಗಿಸುವುದೇ. ಇದನ್ನು ಬೇರೊಬ್ಬರು ಮಾಡುವುದನ್ನು ನೋಡಿ ಪರೀಕ್ಷೆಗೆ ಕೂರುವ ಧೈರ್ಯ ಮಾಡಬಾರದು.

ಮುದ್ರಿತ ಪುಟ ಮತ್ತು ಮೊಬೈಲಿನ ಪಿಡಿಎಫ್

ಕಾಗದದ ಮೇಲಿನ ಓದನ್ನೂ ಪರದೆಯ ಮೇಲಿನ ಓದನ್ನೂ ಹೋಲಿಸಿದ ಅಧ್ಯಯನಗಳನ್ನು ಡೆಲ್ಗಾಡೊ ಮತ್ತು ಸಂಗಡಿಗರು 2018ರಲ್ಲಿ ಒಟ್ಟುಗೂಡಿಸಿ ನೋಡಿದರು. 2000ರಿಂದ 2017ರವರೆಗಿನ 54 ಅಧ್ಯಯನಗಳ ಆ ವಿಶ್ಲೇಷಣೆಯಲ್ಲಿ ಕಾಗದದ ಓದಿಗೆ ಸಣ್ಣದಾದರೂ ಸ್ಪಷ್ಟವಾದ ಮೇಲುಗೈ ಕಂಡಿತು. ಮಾಹಿತಿಪ್ರಧಾನ ಬರಹವನ್ನು ಸಮಯದ ಮಿತಿಯೊಳಗೆ ಓದುವಾಗ ಈ ಅಂತರ ಹೆಚ್ಚಿತ್ತು. ಕಥೆಗಳ ಓದಿನಲ್ಲಿ ಅಂಥ ಅಂತರ ಕಾಣಲಿಲ್ಲ. ಸೆಮಿಸ್ಟರ್ ಪರೀಕ್ಷೆಗೆ ಮುನ್ನ ನಾವು ಓದುವುದು ಮೊದಲನೆಯ ಬಗೆಯ ಬರಹವನ್ನು, ಸಮಯದ ಒತ್ತಡದಲ್ಲಿಯೇ.

ಆದ್ದರಿಂದ ಪಠ್ಯಕ್ರಮದ ಮುಖ್ಯ ಅಧ್ಯಾಯಗಳನ್ನು ಗ್ರಂಥಾಲಯದ ಪುಸ್ತಕದಿಂದ ಇಲ್ಲವೆ ಝೆರಾಕ್ಸ್ ಪ್ರತಿಯಿಂದ ಓದುವುದೇ ಲೇಸು. ಕಲಬುರಗಿಯ ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ, ಕರೆಂಟ್ ಹೋದ ಮಧ್ಯಾಹ್ನದಲ್ಲಿ, ಮೊಬೈಲಿನಲ್ಲಿ ಚಾರ್ಜ್ ಇಲ್ಲದಾಗಲೂ ಓದು ನಿಂತುಹೋಗುವುದಿಲ್ಲ ಎಂಬುದೂ ಕಾಗದದ ಪರವಾದ ಮಾತು. ಪಿಡಿಎಫ್‌ನ ಬಲ ಬೇರೆಡೆಯಿದೆ. ನೂರಾರು ಪುಟಗಳಲ್ಲಿ ಒಂದು ಪದವನ್ನು ಹುಡುಕಲು, ನಮ್ಮ ಗ್ರಂಥಾಲಯದಲ್ಲಿ ಇಲ್ಲದ ಪುಸ್ತಕವನ್ನು ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯದಲ್ಲಿ ನೋಡಲು, ‘ಶೋಧಗಂಗಾ’ದಲ್ಲಿ ಪಿಎಚ್.ಡಿ. ಪ್ರಬಂಧಗಳನ್ನು ತೆರೆಯಲು ಅದಕ್ಕೆ ಸಾಟಿಯಿಲ್ಲ. ಹುಡುಕುವುದು ಪರದೆಯ ಮೇಲೆ, ಕುಳಿತು ಓದುವುದು ಕಾಗದದ ಮೇಲೆ ಎಂಬ ವಿಂಗಡಣೆ ಹೆಚ್ಚಿನವರಿಗೆ ಹೊಂದುತ್ತದೆ.

ವಿಡಿಯೊ ಉಪನ್ಯಾಸ: ಯಾರಿಗೆ, ಎಷ್ಟು

ವಿದ್ಯಾರ್ಥಿಗಳು ಅತಿ ಹೆಚ್ಚು ನೆಚ್ಚಿಕೊಂಡಿರುವ ಸಾಧನ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ನೋಡಬೇಕು. ತರಗತಿಯಲ್ಲಿ ಅಧ್ಯಾಪಕರನ್ನು ತಡೆದು ‘ಮತ್ತೊಮ್ಮೆ ಹೇಳಿ’ ಎನ್ನಲು ಸಂಕೋಚಪಡುವ ವಿದ್ಯಾರ್ಥಿನಿ ವಿಡಿಯೊವನ್ನು ಎಷ್ಟು ಬಾರಿಯಾದರೂ ನಿಲ್ಲಿಸಬಹುದು. ಯಂತ್ರವೊಂದು ಚಲಿಸುವ ಬಗೆ, ಕೋಶ ವಿಭಜನೆ, ಪ್ರೋಗ್ರಾಮಿಂಗಿನ ಒಂದೊಂದು ಹೆಜ್ಜೆ ಇವೆಲ್ಲ ಚಲಿಸುವ ಚಿತ್ರದಲ್ಲಿ ಸುಲಭವಾಗಿ ಅರ್ಥವಾಗುತ್ತವೆ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಉಪನ್ಯಾಸಗಳು ಸೇಡಂ ಅಥವಾ ಶಹಾಪುರದ ವಿದ್ಯಾರ್ಥಿಗೂ ಉಚಿತವಾಗಿ ಸಿಗುತ್ತವೆ ಎಂಬುದು ದೊಡ್ಡ ಸಂಗತಿ.

ವಿಡಿಯೊದ ದೋಷವೂ ಅದರ ಸುಲಭತೆಯಲ್ಲಿಯೇ ಅಡಗಿದೆ. ಬಲ್ಲವರು ಸರಾಗವಾಗಿ ವಿವರಿಸುವುದನ್ನು ನೋಡುತ್ತಿರುವಾಗ ಎಲ್ಲವೂ ತಿಳಿಯಿತು ಎನಿಸುತ್ತದೆ. ವಿಡಿಯೊ ಮುಚ್ಚಿ ಖಾಲಿ ಹಾಳೆಯ ಮುಂದೆ ಕುಳಿತಾಗ ಮೊದಲ ಸಾಲೇ ಹೊಳೆಯುವುದಿಲ್ಲ. ಪಕ್ಕದ ಮನೆಯವರು ರೊಟ್ಟಿ ಬಡಿಯುವುದನ್ನು ನೋಡಿದಷ್ಟಕ್ಕೇ ನಮ್ಮ ಕೈಗೆ ರೊಟ್ಟಿ ಬರುವುದಿಲ್ಲವಷ್ಟೆ. ಎಡೆಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ವೇದಿಕೆಯ ಲಕ್ಷಾಂತರ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನವೊಂದು, ವಿಡಿಯೊ ಎಷ್ಟೇ ದೀರ್ಘವಾಗಿದ್ದರೂ ನೋಡುಗರು ಸಾಮಾನ್ಯವಾಗಿ 6 ನಿಮಿಷಗಳಿಗಿಂತ ಹೆಚ್ಚು ಕಾಲ ಅದರಲ್ಲಿ ತೊಡಗಿಕೊಳ್ಳುವುದಿಲ್ಲ ಎಂದು ತೋರಿಸಿತು. ಒಂದು ಗಂಟೆಯ ಎನ್‌ಪಿಟಿಇಎಲ್ ಉಪನ್ಯಾಸವನ್ನು ಒಂದೇ ಕೂರಿಕೆಯಲ್ಲಿ ಮುಗಿಸುವ ಹಟ ಬೇಡ. ಆರೇಳು ನಿಮಿಷಕ್ಕೊಮ್ಮೆ ನಿಲ್ಲಿಸಿ, ಕೇಳಿದ್ದನ್ನು ಎರಡು ವಾಕ್ಯಗಳಲ್ಲಿ ಕನ್ನಡದಲ್ಲಿಯೇ ಬರೆದು ಮುಂದಕ್ಕೆ ಹೋಗುವುದು ಒಳ್ಳೆಯ ಕ್ರಮ.

ಭಾಷೆಯ ಪ್ರಶ್ನೆ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಮನೆಯಲ್ಲಿ ಕನ್ನಡ, ಉರ್ದು, ಲಂಬಾಣಿ, ಮರಾಠಿ ಅಥವಾ ತೆಲುಗು ಆಡಿ ಬೆಳೆದ ನಮ್ಮ ಭಾಗದ ವಿದ್ಯಾರ್ಥಿಗೆ ವೇಗದ ಇಂಗ್ಲಿಷ್ ಉಪನ್ಯಾಸ ಎರಡು ಕೆಲಸಗಳನ್ನು ಒಟ್ಟಿಗೆ ಹೊರಿಸುತ್ತದೆ: ಭಾಷೆಯನ್ನು ಬಿಡಿಸುವುದು, ವಿಷಯವನ್ನು ಹಿಡಿಯುವುದು. ಓದುವಾಗ ವೇಗ ನಮ್ಮ ಕೈಯಲ್ಲಿರುತ್ತದೆ, ಕೇಳುವಾಗ ಹೇಳುವವರ ಬಾಯಲ್ಲಿರುತ್ತದೆ. ಹೀಗಾಗಿ ‘ನಾನು ಓದುವವನಲ್ಲ’ ಎನ್ನುವ ಕನ್ನಡ ಮಾಧ್ಯಮದ ವಿದ್ಯಾರ್ಥಿಗೇ ಇಂಗ್ಲಿಷ್ ವಿಡಿಯೊಗಿಂತ ಇಂಗ್ಲಿಷ್ ಪುಟ, ನಿಘಂಟು ಪಕ್ಕದಲ್ಲಿದ್ದರೆ, ಹೆಚ್ಚು ಒಗ್ಗಬಹುದು. ಉಪನ್ಯಾಸದ ವೇಗವನ್ನು ಒಂದೂವರೆ ಪಟ್ಟು, ಎರಡು ಪಟ್ಟು ಮಾಡಿಕೊಂಡು ಕೇಳುವ ರೂಢಿ ಹಾಸ್ಟೆಲುಗಳಿಗೂ ಬಂದಿದೆ. ಅಮೆರಿಕದ ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಎರಡು ಪಟ್ಟು ವೇಗದವರೆಗೂ ಗ್ರಹಿಕೆ ಹೆಚ್ಚು ಕುಂದಲಿಲ್ಲವೆಂಬುದು ನಿಜ. ಆದರೆ ಅದನ್ನು ಎರಡನೆಯ ಭಾಷೆಯಲ್ಲಿ ಕಲಿಯುವ ನಮ್ಮವರಿಗೆ ಹಾಗೆಯೇ ಅನ್ವಯಿಸಲಾಗದು. ಇಂಗ್ಲಿಷ್ ಉಪನ್ಯಾಸಕ್ಕೆ ಸಹಜ ವೇಗ ಮತ್ತು ಪರದೆಯ ಕೆಳಗಿನ ಬರಹ, ಕನ್ನಡದ ವಿವರಣೆಗೆ ಬೇಕೆನಿಸಿದಷ್ಟು ವೇಗ ಎಂದು ಇಟ್ಟುಕೊಳ್ಳುವುದು ಸೂಕ್ತ.

ಕ್ರಮವೊಂದನ್ನು ಸೂಚಿಸುವುದಾದರೆ ಹೀಗಿದೆ: ಹೊಸ ಪರಿಕಲ್ಪನೆಗೆ ಮೊದಲು ಕನ್ನಡದಲ್ಲಿ ಚಿಕ್ಕ ವಿವರಣೆ, ಅದು ಅಧ್ಯಾಪಕರ ಮಾತಾಗಿರಬಹುದು, ಕನ್ನಡ ವಿಡಿಯೊ ಆಗಿರಬಹುದು, ಬಳಿಕ ಇಂಗ್ಲಿಷ್ ಪಠ್ಯದ ಅದೇ ಭಾಗ, ಕೊನೆಗೆ ಬೇಕಿದ್ದರೆ ದೀರ್ಘ ಉಪನ್ಯಾಸ. ಮೊದಲೇ ಉಪನ್ಯಾಸಕ್ಕೆ ಕುಳಿತವರು ಅರ್ಧದಲ್ಲಿ ಎದ್ದುಹೋಗುವ ಸಂಭವ ಹೆಚ್ಚು.

ಡೇಟಾ ಪ್ಯಾಕಿನ ಚಿಂತೆಯಿರುವವರು ಹಾಸ್ಟೆಲಿನ ಅಥವಾ ವಿಭಾಗದ ವೈಫೈ ಇರುವಾಗ ಕಡಿಮೆ ಗುಣಮಟ್ಟದಲ್ಲಿ ವಿಡಿಯೊ ಇಳಿಸಿಟ್ಟುಕೊಳ್ಳಬೇಕು. ಉಪನ್ಯಾಸದಲ್ಲಿ ಧ್ವನಿ ಸ್ಪಷ್ಟವಿದ್ದರೆ ಚಿತ್ರ ಮಸುಕಾದರೂ ನಷ್ಟವಿಲ್ಲ. ನೆಟ್‌ವರ್ಕ್ ದುರ್ಬಲವಾದ ಊರುಗಳಲ್ಲಿ ‘ಸ್ವಯಂ ಪ್ರಭಾ’ದ ಡಿಟಿಎಚ್ ವಾಹಿನಿಗಳು ಇಂಟರ್ನೆಟ್ ಇಲ್ಲದೆಯೇ ಸಿಗುತ್ತವೆ.

ಕೈಬರಹವೋ ಲ್ಯಾಪ್‌ಟಾಪೋ

2014ರಲ್ಲಿ ಮ್ಯೂಲರ್ ಮತ್ತು ಒಪನ್‌ಹೈಮರ್ ಪ್ರಕಟಿಸಿದ ಪ್ರಯೋಗಗಳು, ಲ್ಯಾಪ್‌ಟಾಪಿನಲ್ಲಿ ಟಿಪ್ಪಣಿ ಮಾಡುವವರು ಕೇಳಿದ್ದನ್ನು ಪದಶಃ ದಾಖಲಿಸುತ್ತಾರೆ, ಕೈಯಲ್ಲಿ ಬರೆಯುವವರು ಆಯ್ದು ಬರೆಯುತ್ತಾರೆ, ಆದ್ದರಿಂದ ಅವರ ಗ್ರಹಿಕೆ ಆಳವಾಗಿರುತ್ತದೆ ಎಂದವು. 2019ರಲ್ಲಿ ಇದೇ ಪ್ರಯೋಗವನ್ನು ಮರಳಿ ಮಾಡಿದ ಮತ್ತೊಂದು ತಂಡಕ್ಕೆ ಅಷ್ಟು ಸ್ಪಷ್ಟವಾದ ವ್ಯತ್ಯಾಸ ಕಾಣಲಿಲ್ಲ. ಆದರೂ ನನ್ನ ಸಲಹೆ ಕೈಬರಹದ ಕಡೆಗೇ ಇದೆ, ಅದಕ್ಕೆ ಕಾರಣ ಸರಳ: ನಮ್ಮ ಪರೀಕ್ಷೆಗಳನ್ನು ಇಂದಿಗೂ ಮೂರು ಗಂಟೆ ಕೈಯಲ್ಲೇ ಬರೆಯಬೇಕು. ತರಗತಿಯಲ್ಲಿ ತೆರೆದ ಲ್ಯಾಪ್‌ಟಾಪ್ ಬೇರೆ ಕೆಲಸಗಳತ್ತ ಸೆಳೆದಾಗ ಅದನ್ನು ಬಳಸುವವರಿಗಷ್ಟೇ ಅಲ್ಲ, ಆ ಪರದೆ ಕಾಣುವಂತೆ ಕುಳಿತವರಿಗೂ ಕಲಿಕೆ ಕುಗ್ಗುತ್ತದೆ ಎಂದು 2013ರ ಕೆನಡಾದ ಪ್ರಯೋಗವೊಂದು ತೋರಿಸಿದೆ. ಕಂಪ್ಯೂಟರ್ ಪ್ರಯೋಗಾಲಯದ ಪಾಠ ಮಾತ್ರ ಇದಕ್ಕೆ ಹೊರತು.

ನೆನಪಿಡಲು: ಮರುಓದು ಮತ್ತು ಮರುಪ್ರಶ್ನೆ

ಎಲ್ಲ ಹೋಲಿಕೆಗಳಲ್ಲಿ ಅಂಕಗಳ ಮೇಲೆ ಹೆಚ್ಚು ಪರಿಣಾಮ ಬೀರುವುದು ಇದು: ಓದಿದ್ದನ್ನು ಮತ್ತೆ ಓದುವುದೋ, ನೆನಪಿನಿಂದ ಹೊರತೆಗೆಯುವುದೋ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ಗದ್ಯಭಾಗಗಳನ್ನು ಕೊಟ್ಟರು. ಓದಿದ್ದನ್ನೇ ಮತ್ತೆ ಓದಿದಾಗ 5 ನಿಮಿಷದ ಬಳಿಕ 81 ಶೇಕಡಾ ನೆನಪಿತ್ತು. ಎರಡನೆಯ ಬಾರಿ ಓದುವ ಬದಲು ನೆನಪಿನಿಂದ ಬರೆದಾಗ 75 ಶೇಕಡಾ. ಒಂದು ವಾರದ ಬಳಿಕ ಲೆಕ್ಕ ತಿರುಗಿತು: ಮರುಓದಿನಲ್ಲಿ ಉಳಿದದ್ದು 42 ಶೇಕಡಾ, ನೆನಪಿನಿಂದ ಬರೆದದ್ದರಲ್ಲಿ 56 ಶೇಕಡಾ. ಪರೀಕ್ಷೆಯ ಹಿಂದಿನ ರಾತ್ರಿ ನೋಟ್ಸನ್ನು ಮತ್ತೆ ಮತ್ತೆ ತಿರುವಿ ಹಾಕುವವರಿಗೆ ಬೆಳಿಗ್ಗೆ ಎಲ್ಲವೂ ನೆನಪಿದೆ ಎನಿಸುವುದೂ, ಮುಂದಿನ ಸೆಮಿಸ್ಟರಿನಲ್ಲಿ ಅದೇ ವಿಷಯ ಹೊಸದಾಗಿ ಕಾಣುವುದೂ ಏಕೆಂಬುದು ಈ ಅಂಕಿಗಳಿಂದ ಅರ್ಥವಾಗುತ್ತದೆ. 2013ರಲ್ಲಿ ಡನ್ಲಾಸ್ಕಿ ಮತ್ತು ಸಂಗಡಿಗರು 10 ಅಧ್ಯಯನ ವಿಧಾನಗಳನ್ನು ತೂಗಿ ನೋಡಿ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದಕ್ಕೂ ಓದನ್ನು ದಿನಗಳ ಮೇಲೆ ಹರಡುವುದಕ್ಕೂ ಮೇಲಿನ ಸ್ಥಾನ ಕೊಟ್ಟರು. ಸಾಲುಗಳಿಗೆ ಬಣ್ಣ ಹಚ್ಚುವುದು ಮತ್ತು ಮರುಓದು ಕೆಳಗುಳಿದವು.

ಇದಕ್ಕೆ ಮೂರು ಸಾಧನಗಳು ಕೈಗೆಟುಕುತ್ತವೆ. ಹಳೆಯ ಪ್ರಶ್ನೆಪತ್ರಿಕೆಗಳು ಮೊದಲನೆಯವು. ಉತ್ತರ ನೋಡದೆ, ಗಡಿಯಾರ ಇಟ್ಟುಕೊಂಡು ಬರೆದರೆ ಮಾತ್ರ ಅವು ಕೆಲಸಕ್ಕೆ ಬರುತ್ತವೆ. ‘ಆಂಕಿ’ಯಂಥ ಆ್ಯಪ್ ಎರಡನೆಯದು. ಆಂಡ್ರಾಯ್ಡ್ ಫೋನಿನಲ್ಲಿ ಉಚಿತ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ಕನ್ನಡದಲ್ಲಿ ಪ್ರಶ್ನೆ ಬರೆದುಕೊಳ್ಳಬಹುದು, ಮರೆಯುವ ಹೊತ್ತಿಗೆ ಸರಿಯಾಗಿ ಅದೇ ಪ್ರಶ್ನೆಯನ್ನು ಮುಂದೆ ತರುತ್ತದೆ. ಔಷಧಿಗಳ ಹೆಸರು, ಕಾಯ್ದೆಯ ಕಲಂಗಳು, ಇಸವಿಗಳು, ಪಾರಿಭಾಷಿಕ ಪದಗಳು ಇವಕ್ಕೆ ಇದು ಬಹಳ ಒಳ್ಳೆಯದು. ದೀರ್ಘ ಉತ್ತರದ ವಾದಸರಣಿಗೆ ಅಷ್ಟಾಗಿ ಅಲ್ಲ. ಮೂರನೆಯದು ಹಾಸ್ಟೆಲಿನ ಗೆಳೆಯ ಅಥವಾ ಗೆಳತಿ: ಪುಸ್ತಕ ಮುಚ್ಚಿ ಒಬ್ಬರಿಗೊಬ್ಬರು ಪ್ರಶ್ನೆ ಕೇಳಿ, ವಿವರಿಸಿ ಹೇಳುವುದು. ಆಳಂದ, ಜೇವರ್ಗಿ, ಚಿತ್ತಾಪುರದಿಂದ ದಿನವೂ ಓಡಾಡುವವರಿಗೆ ಬಸ್ಸಿನ ಹೊತ್ತಿಗೆ ಎರಡನೆಯದು, ಹಾಸ್ಟೆಲಿನವರಿಗೆ ಮೂರನೆಯದು, ಪರೀಕ್ಷೆಗೆ ತಿಂಗಳಿರುವಾಗ ಎಲ್ಲರಿಗೂ ಮೊದಲನೆಯದು ಹೊಂದುತ್ತದೆ. ಓಡುವ ಬಸ್ಸಿನಲ್ಲಿ ಹೊಸ ಪಾಠ ಓದುವುದಕ್ಕಿಂತ ಹಳೆಯದನ್ನು ನೆನಪಿಸಿಕೊಳ್ಳುವುದು ಸುಲಭವೂ ಹೌದು, ಫಲಕಾರಿಯೂ ಹೌದು.

ಚಾಟ್‌ಜಿಪಿಟಿಯನ್ನು ಉತ್ತರಕ್ಕೆ ಕೇಳುವುದು, ಪ್ರಶ್ನೆಗೆ ಕೇಳುವುದು

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅಸೈನ್‌ಮೆಂಟ್ ಬರೆಯುವ ರೀತಿ ಬದಲಾಗಿದೆ. ಟರ್ಕಿಯ ಪ್ರೌಢಶಾಲೆಯ ಸುಮಾರು ಸಾವಿರ ವಿದ್ಯಾರ್ಥಿಗಳ ಗಣಿತ ಕಲಿಕೆಯ ಮೇಲೆ ನಡೆದ ಪ್ರಯೋಗವೊಂದು ಇಲ್ಲಿ ಬಹಳ ಮುಖ್ಯ. ಅಭ್ಯಾಸದ ಹೊತ್ತಿನಲ್ಲಿ ಇಂಥ ಸಹಾಯಕವನ್ನು ಮುಕ್ತವಾಗಿ ಬಳಸಿದವರ ಅಂಕ 48 ಶೇಕಡಾ ಏರಿತು. ಬಳಿಕ ಅದಿಲ್ಲದೆ ಪರೀಕ್ಷೆ ಬರೆದಾಗ, ಅದನ್ನು ಎಂದೂ ಬಳಸದಿದ್ದವರಿಗಿಂತ ಇವರು 17 ಶೇಕಡಾ ಹಿಂದೆ ಬಿದ್ದರು. ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ ರೂಪಿಸಿದ ಇನ್ನೊಂದು ಸಹಾಯಕವನ್ನು ಬಳಸಿದವರಲ್ಲಿ ಈ ಹಾನಿ ಬಹುಮಟ್ಟಿಗೆ ಕಾಣಲಿಲ್ಲ. ಸಾಧನ ಒಂದೇ ಬಗೆಯದು, ಬಳಕೆ ಎರಡು ಬಗೆಯದು.

ಆದ್ದರಿಂದ ಅದಕ್ಕೆ ಕೊಡುವ ಆದೇಶವನ್ನು ಬದಲಿಸಿ. ‘ಈ ಪ್ರಶ್ನೆಗೆ ಉತ್ತರ ಬರೆ’ ಎನ್ನುವ ಬದಲು ‘ಈ ಅಧ್ಯಾಯದ ಮೇಲೆ ನನಗೆ ಒಂದೊಂದಾಗಿ ಪ್ರಶ್ನೆ ಕೇಳು, ತಪ್ಪಿದರೆ ಸುಳಿವು ಕೊಡು, ಉತ್ತರ ಹೇಳಬೇಡ’ ಎಂದು ಕನ್ನಡದಲ್ಲಿಯೇ ಹೇಳಬಹುದು. ಇಂಗ್ಲಿಷ್ ಪ್ಯಾರಾವೊಂದನ್ನು ಸರಳ ಕನ್ನಡದಲ್ಲಿ ವಿವರಿಸಲು ಕೇಳುವುದೂ ಕನ್ನಡ ಮಾಧ್ಯಮದಿಂದ ಬಂದವರಿಗೆ ನಿಜವಾದ ನೆರವು. ಹಳಗನ್ನಡ ಪದ್ಯದ ಅರ್ಥ, ಬಹಮನಿ ಅಥವಾ ರಾಷ್ಟ್ರಕೂಟರ ಕಾಲದ ಸ್ಥಳೀಯ ವಿವರ, ಆಕರ ಗ್ರಂಥಗಳ ಹೆಸರು ಇವುಗಳಲ್ಲಿ ಮಾತ್ರ ಅದರ ಮಾತನ್ನು ಪುಸ್ತಕದೊಂದಿಗೆ ಹೋಲಿಸದೆ ಬರೆಯಬಾರದು. ಇಲ್ಲದ ಗ್ರಂಥವನ್ನು ಇದೆ ಎಂದು ನಂಬುವಂತೆ ಹೇಳುವ ದೋಷ ಇಂಥ ತಂತ್ರಾಂಶಗಳಲ್ಲಿದೆ.

ಹಣ ಮತ್ತು ಕ್ರೆಡಿಟ್

ಲ್ಯಾಪ್‌ಟಾಪ್ ಕೊಳ್ಳಬೇಕೆ ಎಂಬ ಪ್ರಶ್ನೆ ಮನೆಯವರಿಗೆ ಭಾರವಾದುದು. ಇಂಜಿನಿಯರಿಂಗ್, ಬಿಸಿಎ, ಸಂಖ್ಯಾಶಾಸ್ತ್ರದವರಿಗೆ ಅದು ಅವಶ್ಯ, ಏಕೆಂದರೆ ಪ್ರೋಗ್ರಾಮ್ ಬರೆಯುವುದನ್ನು ಮೊಬೈಲಿನಲ್ಲಿ ಸರಿಯಾಗಿ ಕಲಿಯಲಾಗದು. ಬಿ.ಎ., ಬಿ.ಕಾಂ. ಮತ್ತು ಭಾಷಾ ವಿಷಯಗಳ ವಿದ್ಯಾರ್ಥಿಗಳು ಇರುವ ಮೊಬೈಲಿನಲ್ಲಿಯೇ ನಡೆಸಿಕೊಂಡು, ಆ ಹಣದಲ್ಲಿ ಪುಸ್ತಕ ಕೊಳ್ಳಬಹುದು. ಪ್ರಬಂಧ ಬರೆಯುವ ಕೊನೆಯ ಸೆಮಿಸ್ಟರಿಗೆ ವಿಭಾಗದ ಕಂಪ್ಯೂಟರ್ ಸಾಲುತ್ತದೆಯೇ ಎಂದು ಮೊದಲು ನೋಡಬೇಕು.

2017ರಲ್ಲಿ ಆರಂಭವಾದ ‘ಸ್ವಯಂ’ನಲ್ಲಿ ಸೇರುವುದಕ್ಕೆ ಶುಲ್ಕವಿಲ್ಲ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕವಿದೆ. ಒಂದು ಸೆಮಿಸ್ಟರಿನ ಒಟ್ಟು ಕೋರ್ಸುಗಳಲ್ಲಿ 40 ಶೇಕಡಾವರೆಗೆ ಇಲ್ಲಿಂದ ಪಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮ ಅವಕಾಶ ಕೊಡುತ್ತದೆ. ಆದರೆ ಯಾವ ಕೋರ್ಸಿಗೆ ಕ್ರೆಡಿಟ್ ಸಿಗುತ್ತದೆ ಎಂಬುದನ್ನು ಆಯಾ ವಿಶ್ವವಿದ್ಯಾಲಯ ನಿರ್ಧರಿಸುತ್ತದೆ. ಜನವರಿ ಮತ್ತು ಜುಲೈ ಅವಧಿಗಳ ನೋಂದಣಿ ತೆರೆಯುವ ಮುನ್ನವೇ ವಿಭಾಗದ ಮುಖ್ಯಸ್ಥರನ್ನು ಕಂಡು, ಕೋರ್ಸಿನ ಹೆಸರು ಮತ್ತು ಕ್ರೆಡಿಟ್ ಸಂಖ್ಯೆಯನ್ನು ಬರಹದಲ್ಲಿ ಒಪ್ಪಿಗೆ ಪಡೆದುಕೊಂಡ ಮೇಲೆಯೇ ಹೆಸರು ನೋಂದಾಯಿಸಿ, ಪರೀಕ್ಷೆಯ ಶುಲ್ಕ ಕಟ್ಟಬೇಕು.